ಬೀಳಗಿಯ ಕಂಠವೂ ಗ್ರಾಮಫೋನಿನ ತಟ್ಟೆಯೂ

೧

ಶಿಲೆಯಲ್ಲಿ ಕೊರೆದ ಮಾತು ಸಾವಿರ ವರ್ಷ ನಿಲ್ಲುತ್ತದೆ. ಓಲೆಯಲ್ಲಿ ಬರೆದ ಕಾವ್ಯವು ಪ್ರತಿಯಿಂದ ಪ್ರತಿಗೆ ಇಳಿದು ಬದುಕುತ್ತದೆ. ಆದರೆ ಕಂಠದಿಂದ ಹೊರಟ ನಾದಕ್ಕೆ ಅಂಥ ಆಯುಷ್ಯವಿಲ್ಲ; ಅದು ಹುಟ್ಟಿದ ಗಳಿಗೆಯಲ್ಲಿಯೇ ಅಳಿಯತಕ್ಕದ್ದು. ಮುಧೋಳದಲ್ಲಿ ಜನಿಸಿದ ಕವಿಚಕ್ರವರ್ತಿ ರನ್ನನ 'ಗದಾಯುದ್ಧ'ವನ್ನು ಇಂದಿಗೂ ಓದಬಹುದು. ಹತ್ತನೆಯ ಶತಮಾನದ ಆಸ್ಥಾನದಲ್ಲಿ ಅದನ್ನು ಯಾವ ಧಾಟಿಯಿಂದ ವಾಚಿಸುತ್ತಿದ್ದರೆಂಬುದನ್ನು ಮಾತ್ರ ಯಾವ ಪಂಡಿತನೂ ತಿಳಿಸಲಾರನು. ಇಷ್ಟು ಹಿಂದಕ್ಕೆ ಹೋಗುವ ಕಾರಣವೂ ಇಲ್ಲ. ೧೮೫೭ರಲ್ಲಿ ಮುಧೋಳದ ಸಮೀಪದ ಹಲಗಲಿಯ ಬೇಡರು ನಿಶ್ಶಸ್ತ್ರೀಕರಣದ ಕಾಯಿದೆಗೆ ಮಣಿಯದೆ ಹೋರಾಡಿ ಮಡಿದ ಸಂಗತಿಯನ್ನು ಲಾವಣಿಕಾರರು ಹಾಡಿದರು. ಫ್ಲೀಟ್ ಸಾಹೇಬರು ಆ ಲಾವಣಿಯನ್ನು ಬರೆಯಿಸಿಕೊಂಡು ಅಚ್ಚು ಹಾಕಿಸಿದುದರಿಂದ ಅದರ ಶಬ್ದಗಳು ಉಳಿದವು. ಆದರೆ ದಪ್ಪಿನ ಪೆಟ್ಟಿಗೆ ಸರಿಯಾಗಿ ಮೊದಲ ಹಾಡುಗಾರನು ಧ್ವನಿಯನ್ನೆತ್ತಿದ ಬಗೆ ಹೇಗಿದ್ದಿತು, ಎಲ್ಲಿ ನಿಲ್ಲಿಸಿದನು, ಯಾವ ನುಡಿಯಲ್ಲಿ ಕೇಳುವವರ ಎದೆ ನಡುಗಿತು ಎಂಬುದನ್ನು ಕಾಗದವು ಹಿಡಿದಿಡಲಿಲ್ಲ. ಹಿಡಿದಿಡುವ ಶಕ್ತಿಯು ಕಾಗದಕ್ಕೆ ಇರಲೂ ಇಲ್ಲ.

ನಾದಕ್ಕೆ ಮೊದಲ ಸಲ ಒಂದು ದೇಹವನ್ನು ಕೊಟ್ಟುದು ಗ್ರಾಮಫೋನಿನ ತಟ್ಟೆ. ಹೊಸ ತಟ್ಟೆಯೊಂದು ಊರಿಗೆ ಬಂದಿತೆಂದರೆ ಅದು ಬರಿಯ ವಿನೋದದ ಸುದ್ದಿಯಾಗಿರಲಿಲ್ಲ. ಕಾಣದ ಊರಿನ, ಕಾಣದ ಗಾಯಕನ ಉಸಿರು ಮನೆಯ ಪಡಸಾಲೆಗೆ ಬಂದಂತೆ ಆಗುತ್ತಿದ್ದಿತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಗಳ ಈ ಸೀಮೆಗೆ ಆ ಹುರುಪಿನಲ್ಲಿ ಇಮ್ಮಡಿಯ ಪಾಲುಂಟು. ಒಂದು, ಹೊರಗಿನ ಸಂಗೀತವನ್ನು ಇಲ್ಲಿಯ ಜನರು ತಟ್ಟೆಗಳಿಂದ ಕೇಳಿದುದು. ಇನ್ನೊಂದು, ಇಲ್ಲಿಯ ಬೀಳಗಿಯಲ್ಲಿ ಬೆಳೆದ ಕಂಠವು ತಟ್ಟೆಗಳ ಮೂಲಕ ಇಡಿಯ ಭರತಖಂಡಕ್ಕೆ ಕೇಳಿಸಿದುದು. ಈ ಎರಡರ ಇತಿಹಾಸವನ್ನು ಜೊತೆಯಾಗಿಯೇ ನೋಡಬೇಕು.

೨

ಅಮೇರಿಕದ ಎಡಿಸನ್ನನು ೧೮೭೭ರಲ್ಲಿ ಧ್ವನಿಯನ್ನು ಉರುಳೆಯ ಮೇಲೆ ಗೀರಿ ಮತ್ತೆ ನುಡಿಯಿಸಿದನು. ಹತ್ತು ವರ್ಷಗಳ ತರುವಾಯ ಬರ್ಲಿನರನು ಉರುಳೆಯ ಬದಲು ಚಪ್ಪಟೆಯ ತಟ್ಟೆಯನ್ನು ತಂದನು. ಉರುಳೆಗಿಂತ ತಟ್ಟೆಗೆ ಒಂದು ದೊಡ್ಡ ಹೆಚ್ಚಳವಿದ್ದಿತು: ಒಂದು ಅಚ್ಚಿನಿಂದ ಸಾವಿರಾರು ಪ್ರತಿಗಳನ್ನು ಒತ್ತಬಹುದು. ಮುದ್ರಣಯಂತ್ರವು ಅಕ್ಷರಕ್ಕೆ ಮಾಡಿದ ಉಪಕಾರವನ್ನೇ ಇದು ನಾದಕ್ಕೆ ಮಾಡಿತು.

೧೯೦೨ರ ಕೊನೆಯಲ್ಲಿ ಗ್ರಾಮಫೋನ್ ಕಂಪನಿಯ ಗೈಸ್‌ಬರ್ಗನು ಕಲಕತ್ತೆಗೆ ಬಂದಿಳಿದನು. ಆ ವರ್ಷದ ನವೆಂಬರ ತಿಂಗಳಿನಲ್ಲಿ ಪ್ರಖ್ಯಾತ ಗಾಯಿಕೆ ಗೌಹರಜಾನರು ತುತ್ತೂರಿಯಂಥ ದೊಡ್ಡ ಕೊಳವೆಯ ಬಾಯಿಗೆ ಮುಖವೊಡ್ಡಿ ಹಾಡಿದರು. ಹಾಡು ಮುಗಿಯುತ್ತಲೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಕೂಗಿ ಹೇಳಿದರು. ಅದು ಜಂಭದ ಕೂಗಲ್ಲ. ಮೇಣದ ಅಚ್ಚುಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ತಟ್ಟೆಗಳಾಗಬೇಕಾಗಿದ್ದಿತು. ಹಿಂದುಸ್ತಾನಿ ಭಾಷೆಯ ಗಂಧವಿಲ್ಲದ ಅಲ್ಲಿಯ ಕೆಲಸಗಾರರಿಗೆ ಯಾವ ತಟ್ಟೆ ಯಾರದೆಂದು ತಿಳಿಯುವುದಕ್ಕೆ ಆ ಕೂಗು ಒಂದು ಗುರುತಾಗಿದ್ದಿತು. ೧೯೦೮ರಲ್ಲಿ ಕಲಕತ್ತೆಯಲ್ಲಿಯೇ ಕಾರಖಾನೆಯಾದ ಮೇಲೆ ಈ ಸಮುದ್ರಯಾನವು ತಪ್ಪಿತು. ಆ ಗೌಹರಜಾನರೇ ತಮ್ಮ ಕೊನೆಯ ದಿನಗಳಲ್ಲಿ ಮೈಸೂರ ಅರಮನೆಯ ಆಶ್ರಯಕ್ಕೆ ಬಂದು, ೧೯೩೦ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಹಿಂದುಸ್ತಾನದ ಧ್ವನಿಮುದ್ರಣದ ಮೊದಲ ತಾರೆಯು ಅಸ್ತಮಿಸಿದುದು ಕನ್ನಡ ನೆಲದಲ್ಲಿ.

ತಟ್ಟೆಯ ವಸ್ತುವೂ ಈ ದೇಶದ್ದೇ. ಮರದ ಕೊಂಬೆಗಳ ಮೇಲೆ ಹುಳುಗಳು ಕಟ್ಟುವ ಅರಗನ್ನು ಶುದ್ಧಿಮಾಡಿ, ಕಲ್ಲಿನ ಹುಡಿಯನ್ನೂ ಕಾಡಿಗೆಯನ್ನೂ ಬೆರೆಯಿಸಿ, ಬಿಸಿಯಲ್ಲಿ ಒತ್ತಿದರೆ ಕರಿಯ ತಟ್ಟೆಯಾಗುತ್ತಿದ್ದಿತು. ಲೋಕಕ್ಕೆಲ್ಲ ಬೇಕಾದ ಅರಗಿನ ಬಹುಪಾಲು ಹಿಂದುಸ್ತಾನದ ಕಾಡುಗಳಿಂದಲೇ ಹೋಗುತ್ತಿದ್ದಿತು. ತಟ್ಟೆಯು ನಿಮಿಷಕ್ಕೆ ೭೮ ಸುತ್ತು ತಿರುಗುವುದು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು, ಹನ್ನೆರಡು ಅಂಗುಲದ್ದಕ್ಕೆ ನಾಲ್ಕು ನಿಮಿಷಕ್ಕಿಂತ ತುಸು ಹೆಚ್ಚು. ಪೆಟ್ಟಿಗೆಗೆ ಕೀಲಿ ಕೊಟ್ಟು, ಉಕ್ಕಿನ ಮುಳ್ಳನ್ನು ಸಿಕ್ಕಿಸಿ, ಮಗ್ಗುಲು ಮುಗಿಯಿತೆಂದರೆ ಮುಳ್ಳನ್ನು ಬದಲಾಯಿಸಬೇಕು. ಸವೆದ ಮುಳ್ಳಿನಿಂದ ನುಡಿಯಿಸಿದರೆ ತಟ್ಟೆಯ ಗೆರೆಗಳೇ ಕೆಟ್ಟುಹೋಗುವವು. ಕೈತಪ್ಪಿ ಬಿದ್ದಿತೆಂದರೆ ಗಾಜಿನಂತೆ ಚೂರುಚೂರು. ಇಷ್ಟು ಜೋಕೆಯಿಂದ ಕೇಳಬೇಕಾದ ಮೂರು ನಿಮಿಷಗಳನ್ನು ಜನರು ಅಷ್ಟೇ ಏಕಾಗ್ರತೆಯಿಂದ ಕೇಳುತ್ತಿದ್ದರು.

ಇಂದು ಸರ್ವರೂ ಆಡುವ 'ಆಲ್ಬಮ್' ಎಂಬ ಶಬ್ದವೂ ಈ ತಟ್ಟೆಗಳ ಕಾಲದ್ದೇ. ಒಂದು ದೀರ್ಘ ಕೃತಿಯು ಮೂರು ನಿಮಿಷಗಳಲ್ಲಿ ಹಿಡಿಯದಿದ್ದಾಗ ಅದನ್ನು ನಾಲ್ಕಾರು ತಟ್ಟೆಗಳಿಗೆ ಹಂಚಿ, ಆ ತಟ್ಟೆಗಳನ್ನು ದಪ್ಪ ರಟ್ಟಿನ ಪುಸ್ತಕದಂಥ ಕಟ್ಟಿನಲ್ಲಿ, ಹಾಳೆಗೊಂದರಂತೆ ಚೀಲ ಮಾಡಿ ಸೇರಿಸಿಡುತ್ತಿದ್ದರು. ಚಿತ್ರಗಳನ್ನು ಅಂಟಿಸುವ ಪುಸ್ತಕದ ಹೆಸರೇ ಈ ಕಟ್ಟಿಗೂ ಬಂದಿತು. ೧೯೪೮ರಲ್ಲಿ ಅಮೇರಿಕದಲ್ಲಿ ಒಂದೇ ತಟ್ಟೆಯ ಮಗ್ಗುಲಲ್ಲಿ ಇಪ್ಪತ್ತು ನಿಮಿಷಗಳಿಗೂ ಮಿಕ್ಕಿ ಹಾಡು ಹಿಡಿಯುವ ದೀರ್ಘವಾದನದ ತಟ್ಟೆ ಹೊರಟ ಬಳಿಕ ಕಟ್ಟು ಹೋಯಿತು. ಹೆಸರು ಮಾತ್ರ ಉಳಿಯಿತು.

೩

ಗ್ರಾಮಫೋನು ಬಂದ ಕಾಲದಲ್ಲಿ ಈ ಸೀಮೆಯ ರಾಜಕೀಯವು ವಿಚಿತ್ರವಾಗಿದ್ದಿತು. ಒಂದು ದಿನದ ಬಂಡಿಯ ದಾರಿಯೊಳಗೆ ನಾಲ್ಕು ಆಡಳಿತಗಳು. ಜಮಖಂಡಿಯೂ ಬನಹಟ್ಟಿಯೂ ಪಟವರ್ಧನರ ಜಮಖಂಡಿ ಸಂಸ್ಥಾನದಲ್ಲಿ. ಬನಹಟ್ಟಿಗೆ ಅಂಟಿಕೊಂಡೇ ಇರುವ ರಬಕವಿಯು ಸಾಂಗಲಿ ಸಂಸ್ಥಾನದಲ್ಲಿ. ಮುಧೋಳವು ಘೋರ್ಪಡೆಯವರ ಕೈಯಲ್ಲಿ. ಬೀಳಗಿಯು ವಿಜಾಪುರ ಜಿಲ್ಲೆಗೆ ಸೇರಿ ಇಂಗ್ಲಿಷರ ಕೈಯಲ್ಲಿ. ಅರಮನೆಯ ಕಾಗದಪತ್ರಗಳು ಮರಾಠಿಯಲ್ಲಿ, ಬೀದಿಯ ಮಾತು ಕನ್ನಡದಲ್ಲಿ, ಮುಸಲ್ಮಾನರ ಮನೆಗಳಲ್ಲಿ ದಖನಿ ಉರ್ದು. ಕಾನೂನು ಊರೂರಿಗೆ ಬೇರೆಯಾಗಿದ್ದರೂ ಹಾಡಿಗೆ ಗಡಿ ಇರಲಿಲ್ಲ. ಬೊಂಬಾಯಿಯ ಕಡೆಯ ಸರಕು ರೈಲಿನಲ್ಲಿ ಬಂದರೆ ಒಂದು ಮಗ್ಗುಲಿಗೆ ಕುಡಚಿಯಲ್ಲಿ, ಇನ್ನೊಂದು ಮಗ್ಗುಲಿಗೆ ಬಾಗಲಕೋಟೆಯಲ್ಲಿ ಇಳಿದು, ಅಲ್ಲಿಂದ ಮುಂದೆ ರಸ್ತೆಯ ದಾರಿ ಹಿಡಿಯಬೇಕು. ಕುಡಚಿಯ ಸಾಲಿನಲ್ಲಿಯೇ ಮೇಲಕ್ಕೆ ಮೀರಜವಿದ್ದಿತು. ತಂಬೂರಿ–ಸತಾರಗಳನ್ನು ಮಾಡುವ ಕುಶಲಿಗಳ ಊರು ಅದು. ಕಿರಾಣಾ ಪರಂಪರೆಯ ಮಹಾಗಾಯಕ ಅಬ್ದುಲ್ ಕರೀಮ್ ಖಾನರು ನೆಲಸಿದ ಊರೂ ಅದೇ. ಹೀಗೆ ಈ ಸೀಮೆಯು ಸಂಗೀತದ ಹೆದ್ದಾರಿಯ ಬದಿಯಲ್ಲಿಯೇ ಇದ್ದಿತು.

ಮೊದಮೊದಲು ಗ್ರಾಮಫೋನು ಸಂಸ್ಥಾನಿಕರ, ಇನಾಮದಾರರ, ದೊಡ್ಡ ಸಾವುಕಾರರ ಮನೆಯ ಸಾಮಾನು. ತರುವಾಯ ಅಗ್ಗದ ಪೆಟ್ಟಿಗೆಗಳು ಬಂದುವು. ಚಹದ ಅಂಗಡಿಗಳೂ ನಾಟಕದ ಕಂಪನಿಗಳೂ ಮದುವೆಯ ಹಂದರಗಳೂ ಅದಕ್ಕೆ ಆಸರೆಯಾದವು. ೧೯೨೫ರಲ್ಲಿ ವಿದ್ಯುತ್ತಿನ ಧ್ವನಿಗ್ರಾಹಕವು ಬಳಕೆಗೆ ಬಂದು ತಟ್ಟೆಗಳ ನಾದವು ಒಮ್ಮೆಲೆ ತಿಳಿಯಾಯಿತು. ಅದುವರೆಗೆ ಕೊಳವೆಗೆ ಕೂಗಿ ಹಾಡಬೇಕಾಗಿದ್ದಿತು. ಇನ್ನು ಮೇಲೆ ಪಿಸುದನಿಯ ಮುರುಕಿಯೂ, ತಂಬೂರಿಯ ಝೇಂಕಾರವೂ ಕೇಳಿಸುವಂತಾಯಿತು. ನಾಯಿಯ ಚಿತ್ರದ ಕಂಪನಿಯೊಂದೇ ಅಲ್ಲ. ಓಡಿಯನ್, ಕೊಲಂಬಿಯಾ, ೧೯೩೫ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿದ ಸ್ವದೇಶಿಯ 'ಯಂಗ್ ಇಂಡಿಯಾ' ಮೊದಲಾದುವು ಪೈಪೋಟಿಗೆ ನಿಂತವು. ಕಂಪನಿಗಳು ಹೊಸ ತಟ್ಟೆಗಳ ಯಾದಿಯನ್ನು ಮಾಸಮಾಸಕ್ಕೆ ಅಚ್ಚು ಹಾಕಿಸಿ, ಗಾಯಕರ ಚಿತ್ರಸಹಿತವಾಗಿ ಅಂಗಡಿಗಳಿಗೆ ಕಳುಹಿಸುತ್ತಿದ್ದವು. ರಸಿಕರು ಆ ಯಾದಿಯನ್ನು ಪಂಚಾಂಗದಂತೆ ತಿರುವಿ ನೋಡುವರು. ಇಂಥ ತಿಂಗಳು ಇಂಥವರ ತಟ್ಟೆ ಎಂದು ಕಾಯುವುದರಲ್ಲಿಯೇ ಅರ್ಧ ಸುಖವಿದ್ದಿತು.

ಆ ಯಾದಿಗಳ ಒಂದೊಂದು ಪುಟವೂ ಒಂದು ಸಂತೆಯಿದ್ದಂತೆ. ಖ್ಯಾಲಿನ ಪಕ್ಕದಲ್ಲಿ ಕವ್ವಾಲಿ, ಬಾಲಗಂಧರ್ವರ ನಾಟ್ಯಗೀತದ ಪಕ್ಕದಲ್ಲಿ ದಾಸರ ಪದ, ಗಜಲಿನ ಪಕ್ಕದಲ್ಲಿ ಮರಾಠಿ ಭಾವಗೀತ, ಅದರ ಕೆಳಗೆ ನಗೆಯ ಸಂಭಾಷಣೆ. ಅರಮನೆಯಲ್ಲಿ ಖ್ಯಾಲು, ಗುಡಿಯಲ್ಲಿ ಭಜನೆ, ದರ್ಗೆಯಲ್ಲಿ ಕವ್ವಾಲಿ, ಕಟ್ಟೆಯಲ್ಲಿ ಲಾವಣಿ ಎಂದು ಒಂದೊಂದು ಹಾಡಿಗೂ ಒಂದೊಂದು ಜಾಗವೂ ಒಂದೊಂದು ಜನವೂ ಗೊತ್ತಾಗಿದ್ದ ನಾಡಿನಲ್ಲಿ ಇವೆಲ್ಲವೂ ಒಂದೇ ಪೆಟ್ಟಿಗೆಯ ಬಾಯಿಂದ, ಒಂದೇ ಚಾಪೆಯ ಮೇಲೆ ಕುಳಿತವರಿಗೆ ಕೇಳಿಸತೊಡಗಿದುದು ಸಣ್ಣ ಮಾತಲ್ಲ. ಮೈಸೂರ ಸೀಮೆಯ ಬಿ. ಎಸ್. ರಾಜಯ್ಯಂಗಾರ್ಯರ ಕಂಠದಲ್ಲಿ ಪುರಂದರದಾಸರ ಪದವನ್ನು ಕೃಷ್ಣೆಯ ತೀರದವರು ಕೇಳಬಹುದಾಯಿತು. ಕನ್ನಡಿಗರು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಆ ದಿನಗಳಲ್ಲಿ, ನಾಡು ಒಂದಾಗುವ ಮೊದಲೇ ಕಿವಿಗಳು ಒಂದಾದವು.

೪

ಸಂಗೀತಗಾರರೆಲ್ಲರೂ ಈ ಯಂತ್ರವನ್ನು ಸ್ವಾಗತಿಸಲಿಲ್ಲ. ಕೊಲ್ಹಾಪುರದ ಆಸ್ಥಾನದಲ್ಲಿದ್ದ ಅಲ್ಲಾದಿಯಾ ಖಾನರು ಕೊನೆಯವರೆಗೂ ತಮ್ಮ ಧ್ವನಿಯನ್ನು ಮುದ್ರಿಸಗೊಡಲಿಲ್ಲ. ಗುರುವಿನ ಮುಂದೆ ವರ್ಷಗಟ್ಟಲೆ ಕುಳಿತು ಪಡೆಯಬೇಕಾದ ವಿದ್ಯೆಯನ್ನು ಚಹದಂಗಡಿಯ ಪೆಟ್ಟಿಗೆ ಬೀದಿಯಲ್ಲಿ ಸೂರೆಮಾಡುವುದೆಂಬ ಅಂಜಿಕೆ ಹಲವರಲ್ಲಿದ್ದಿತು. ಒಂದು ರಾಗವನ್ನು ಗಂಟೆಗಟ್ಟಲೆ ಬೆಳೆಯಿಸುವ ಗಾಯಕನನ್ನು ಮೂರು ನಿಮಿಷದ ಗೂಟಕ್ಕೆ ಕಟ್ಟುವುದು ವಿದ್ಯೆಗೆ ಅಪಮಾನವೆಂಬ ಆಕ್ಷೇಪವೂ ನಿರಾಧಾರವಾದುದಲ್ಲ. ಆಲಾಪವು ಮೊಟಕಾಯಿತು; ವಿಲಂಬಿತಕ್ಕೆ ಎಡೆಯಿಲ್ಲದೆ ಹೋಯಿತು; ಹಾಡುವವನ ಕಣ್ಣು ಗಡಿಯಾರದ ಮೇಲೆ ನಿಂತಿತು.

ಆದರೆ ಮತ್ತೊಂದು ಪಕ್ಷವನ್ನೂ ತೂಗಿ ನೋಡಬೇಕು. ಮಹಾಭಾರತದ ಏಕಲವ್ಯನಿಗೆ ಮಣ್ಣಿನ ದ್ರೋಣನು ಗುರುವಾದಂತೆ, ಗುರುವಿನ ಬಾಗಿಲಿಗೆ ಹೋಗಲಾರದ ಎಷ್ಟೋ ಮಕ್ಕಳಿಗೆ ಅರಗಿನ ತಟ್ಟೆ ಗುರುವಾಯಿತು. ಏಕಲವ್ಯನಂತೆ ಹೆಬ್ಬೆರಳನ್ನು ಕೊಡಬೇಕಾಗಲಿಲ್ಲವೆಂಬುದಷ್ಟೇ ಭೇದ. ಗಂಗೂಬಾಯಿ ಹಾನಗಲ್ಲರು ಧಾರವಾಡದಲ್ಲಿ ಚಿಕ್ಕ ಹುಡುಗಿಯಾಗಿದ್ದಾಗ ಗ್ರಾಮಫೋನಿನ ದನಿ ಕೇಳಿದೊಡನೆ ಬೀದಿಗೆ ಓಡಿಹೋಗಿ ಕೇಳಿ, ಆ ಹಾಡನ್ನು ತಾವೂ ಹಾಡಿ ನೋಡುತ್ತಿದ್ದರು. ಗದಗಿನ ಹುಡುಗ ಭೀಮಸೇನ ಜೋಶಿಯವರು ಅಂಗಡಿಯ ಮುಂದೆ ನಿಂತು ಅಬ್ದುಲ್ ಕರೀಮ್ ಖಾನರ ತಟ್ಟೆಯನ್ನು ಕೇಳಿ ಮರುಳಾದರು. ಹನ್ನೊಂದು ವರ್ಷದ ಪ್ರಾಯದಲ್ಲಿ, ೧೯೩೩ರಲ್ಲಿ, ಗುರುವನ್ನು ಹುಡುಕಿಕೊಂಡು ಮನೆಯನ್ನು ಬಿಟ್ಟು ಹೊರಟ ಆ ಹುಡುಗನು ಊರೂರು ಅಲೆದು ಕಡೆಗೆ ಸೇರಿದುದು ಕುಂದಗೋಳದಲ್ಲಿ, ಆ ಖಾನರ ಶಿಷ್ಯರಾದ ಸವಾಯಿ ಗಂಧರ್ವರ ಪದತಲವನ್ನು. ಒಂದು ತಟ್ಟೆಯ ಮೂರು ನಿಮಿಷಗಳು ಒಂದು ಜೀವನದ ದಾರಿಯನ್ನೇ ತೋರಿದವು.

ತಟ್ಟೆಯು ಉಳಿಸಿಕೊಟ್ಟುದಾದರೂ ಅಲ್ಪವಲ್ಲ. ಗಂಗೂಬಾಯಿಯವರು ೧೯೩೦ರ ದಶಕದಲ್ಲಿ 'ಗಾಂಧಾರಿ' ಎಂಬ ಹೆಸರಿನಿಂದ ಬೊಂಬಾಯಿಯಲ್ಲಿ ಹಾಡಿದ ತಟ್ಟೆಗಳಲ್ಲಿ ಅವರ ಕಂಠವು ಸಣ್ಣದು, ಎತ್ತರದ್ದು, ಹೆಣ್ಣುಮಕ್ಕಳ ಕೋಮಲತೆಯುಳ್ಳದ್ದು. ಮುಂದೆ ಗಂಟಲ ಶಸ್ತ್ರಚಿಕಿತ್ಸೆಯಾದ ಮೇಲೆ ಅದು ಗಡುಸಾಗಿ ಲೋಕವೆಲ್ಲ ಬಲ್ಲ ಗಂಭೀರ ನಾದವಾಯಿತು. ತಟ್ಟೆಗಳಿಲ್ಲದಿದ್ದರೆ ಆ ಮೊದಲಿನ ಕಂಠವಿದ್ದಿತೆಂಬುದು ಕೇಳಿದವರ ನೆನಪಿನೊಡನೆಯೇ ಮಣ್ಣುಗೂಡುತ್ತಿದ್ದಿತು. ಮಲ್ಲಿಕಾರ್ಜುನ ಮನಸೂರರ ಕೀರ್ತಿಯೂ ಅವರ ಯೌವನದ ತಟ್ಟೆಗಳಿಂದಲೇ ಮೊದಲು ನಾಡಿನಲ್ಲಿ ಹಬ್ಬಿತು. ಮೀರಜದ ನೀಲಕಂಠಬುವಾ ಅವರಲ್ಲಿ ಕಲಿತ ಮನಸೂರರು ಹೆಸರು ಬಂದ ಮೇಲೂ ಕಲಿಯುವುದನ್ನು ಬಿಡದೆ, ಧ್ವನಿಯನ್ನು ಮುದ್ರಿಸಗೊಡದ ಆ ಅಲ್ಲಾದಿಯಾ ಖಾನರ ಮಗ ಮಂಜಿಖಾನರ ಶಿಷ್ಯರಾದುದು ಗಮನಿಸತಕ್ಕ ಸಂಗತಿ. ತಟ್ಟೆಯು ದಾರಿ ತೋರುವುದು. ದಾರಿ ನಡೆಯುವುದಕ್ಕೆ ಗುರುವೇ ಬೇಕು.

೫

ಇನ್ನು ಬೀಳಗಿಯ ಮಾತು. ಈ ಸಣ್ಣ ಊರಿನ ಒಂದು ಮುಸಲ್ಮಾನ ಮನೆತನದಲ್ಲಿ ಹುಟ್ಟಿದ ಅಕ್ಕತಂಗಿಯರಲ್ಲಿ ಗೋಹರಬಾಯಿ, ಅಮೀರಬಾಯಿ ಎಂಬಿಬ್ಬರು ಹಿಂದುಸ್ತಾನದ ಸಂಗೀತಲೋಕದಲ್ಲಿ ಹೆಸರು ಪಡೆದರು. ಮನೆಯಲ್ಲಿ ತಬಲೆ–ಹಾಡುಗಳ ಸಂಸ್ಕಾರವಿದ್ದಿತು. ಮನೆಯವರಿಗೆ ನಾಟಕ ಕಂಪನಿಗಳ ಸಂಬಂಧವಿದ್ದಿತು. ಆ ಕಾಲದ ಸಮಾಜದಲ್ಲಿ ವೇದಿಕೆಯ ಮೇಲೆ ಹಾಡುವ ಹೆಣ್ಣಿಗೆ ಚಪ್ಪಾಳೆಯಿದ್ದಿತೇ ಹೊರತು ಮರ್ಯಾದೆಯಿರಲಿಲ್ಲವೆಂಬುದನ್ನು ಇತಿಹಾಸವು ಮುಚ್ಚಿಡಬಾರದು. ಗಾಯಿಕೆಯನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳಲೊಲ್ಲದ ಮನೆಗಳೇ ಆಕೆಯ ತಟ್ಟೆಯನ್ನು ದುಡ್ಡು ಕೊಟ್ಟು ತಂದು, ದೇವರ ಕೋಣೆಗೆ ಕೇಳಿಸುವಂತೆ ನುಡಿಯಿಸಿದವು. ಅರಗಿನ ತಟ್ಟೆಗೆ ಮೈಲಿಗೆ ಇರಲಿಲ್ಲ. ಇದು ಆ ಸಮಾಜದ ಕಪಟವೂ ಹೌದು. ಆ ಕಪಟದ ಗೋಡೆಯಲ್ಲಿ ಮೊದಲು ಬಿದ್ದ ಬಿರುಕೂ ಹೌದು.

ಅಕ್ಕ ಗೋಹರಬಾಯಿಯವರ ಕಥೆಯು ನಾಟಕರಂಗಕ್ಕೆ ಸೇರಿದುದು. ಬಾಲಗಂಧರ್ವರು ಗಂಡಸಾಗಿಯೂ ಸ್ತ್ರೀಪಾತ್ರಗಳಲ್ಲಿ ಹಾಡಿ ಮಹಾರಾಷ್ಟ್ರ–ಕರ್ನಾಟಕಗಳನ್ನು ಮೋಹಗೊಳಿಸಿದವರು. ಅವರ ನಾಟ್ಯಗೀತದ ತಟ್ಟೆಗಳು ಮನೆಮನೆಯಲ್ಲಿದ್ದವು. ಗೋಹರಬಾಯಿಯವರು ಆ ಗಾಯಕಿಯನ್ನು ತಮ್ಮ ಕಂಠದಲ್ಲಿ ಚೆನ್ನಾಗಿ ಇಳಿಸಿಕೊಂಡಿದ್ದರು. ಅದೇ ಧಾಟಿಯಲ್ಲಿ ಹಾಡಿ ಜನರ ಮೆಚ್ಚುಗೆ ಪಡೆದರು. ೧೯೩೮ರ ಸುಮಾರಿಗೆ ಅವರು ಗಂಧರ್ವ ನಾಟಕ ಮಂಡಳಿಯನ್ನೇ ಸೇರಿದರು. ಗಂಡಸು ಕಟ್ಟಿದ ಹೆಣ್ಣಿನ ಹಾಡನ್ನು ಒಬ್ಬ ಹೆಣ್ಣು ಕಲಿತು, ಆ ಗಂಡಸಿನ ವೇದಿಕೆಯ ಮೇಲೆಯೇ ನಿಂತು ಹಾಡಿದುದು ರಂಗಭೂಮಿಯ ಚರಿತ್ರೆಯಲ್ಲಿ ಒಂದು ತಿರುವು. ಕನ್ನಡ ನೆಲದ ಮುಸಲ್ಮಾನ ಹೆಣ್ಣುಮಗಳು ಮರಾಠಿ ರಂಗಭೂಮಿಯ ನಾಯಿಕೆಯಾದುದನ್ನು ಎಲ್ಲರೂ ಸಹಿಸಲಿಲ್ಲ. ಆದರೆ ಆಕೆಯ ಗಾಯನವನ್ನು ಅಲ್ಲಗಳೆದವರು ಕಡಿಮೆ.

ತಂಗಿ ಅಮೀರಬಾಯಿಯವರ ದಾರಿ ತಟ್ಟೆಯಿಂದಲೇ ತೆರೆಯಿತು. ಎಳೆಯ ವಯಸ್ಸಿನಲ್ಲಿ ಬೊಂಬಾಯಿಗೆ ಹೋದ ಇವರ ಗಾಯನವನ್ನು ಕೇಳಿ ಮೆಚ್ಚಿದ ಗ್ರಾಮಫೋನ್ ಕಂಪನಿಯ ಪ್ರತಿನಿಧಿಯು ಇವರಿಂದ ಒಂದು ಕವ್ವಾಲಿಯನ್ನು ಹಾಡಿಸಿ ಮುದ್ರಿಸಿದನು. ಆ ತಟ್ಟೆ ಜನಪ್ರಿಯವಾಯಿತು. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' ಹೊರಬಂದ ೧೯೩೪ರಲ್ಲಿಯೇ ಅಮೀರಬಾಯಿಯವರು 'ವಿಷ್ಣುಭಕ್ತಿ' ಎಂಬ ಹಿಂದಿ ಚಿತ್ರದಲ್ಲಿ ಪಾತ್ರವಹಿಸಿದರು. ೧೯೪೦ರ 'ನರಸಿ ಭಗತ್' ಚಿತ್ರದಲ್ಲಿ ನರಸೀ ಮೆಹತಾನ ಪದಗಳನ್ನು ಹಾಡಿದರು. ೧೯೪೩ರಲ್ಲಿ ಬಂದ ಬಾಂಬೆ ಟಾಕೀಜಿನ 'ಕಿಸ್ಮತ್' ಇವರ ಕೀರ್ತಿಯ ಶಿಖರ. ಅನಿಲ ಬಿಸ್ವಾಸರ ಸಂಗೀತ, ಕವಿ ಪ್ರದೀಪರ ಗೀತಗಳು, ಅಶೋಕಕುಮಾರರ ನಾಯಕತ್ವ. ಹಾಡುಗಳಲ್ಲಿ ಬಹುಭಾಗ ಅಮೀರಬಾಯಿಯವರದು. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಆ ಚಿತ್ರವು ಮೂರು ವರ್ಷಗಳಿಗೂ ಮಿಕ್ಕಿ ಒಂದೇ ಸಮನೆ ನಡೆಯಿತು.

ಆ ಚಿತ್ರದ ಒಂದು ಹಾಡಿನ ಇತಿಹಾಸವು ವಿಶೇಷವಾದುದು. ೧೯೪೨ರ ಆಗಸ್ಟಿನಲ್ಲಿ 'ಭಾರತ ಬಿಟ್ಟು ತೊಲಗಿರಿ' ಎಂಬ ಘೋಷವೆದ್ದು ನಾಯಕರೆಲ್ಲ ಸೆರೆಮನೆಯಲ್ಲಿದ್ದರು. ಆ ಹೊತ್ತಿನಲ್ಲಿ, ಹಿಂದುಸ್ತಾನವು ನಮ್ಮದು, ಪರರು ದೂರ ಸರಿಯಲಿ ಎಂಬ ಅರ್ಥದ ಗೀತವನ್ನು ಅಮೀರಬಾಯಿಯವರೂ ಖಾನ್ ಮಸ್ತಾನರೂ ಮೇಳದೊಡನೆ ಹಾಡಿದರು. ಗೀತದಲ್ಲಿ ಜರ್ಮನ್–ಜಪಾನೀಯರ ಹೆಸರಿದ್ದುದರಿಂದ, ಇದು ಯುದ್ಧದ ಶತ್ರುಗಳಿಗೆ ಹೇಳಿದ ಮಾತೆಂದು ಸರಕಾರದ ಪರೀಕ್ಷಕರು ಅನುಮತಿ ಕೊಟ್ಟರು. ಯಾರಿಗೆ ಹೇಳಿದುದೆಂಬುದನ್ನು ಕೇಳುವವರು ಬಲ್ಲರು. ಚಿತ್ರವು ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಬಹುದು. ತಟ್ಟೆಯು ಊರಿನಲ್ಲಿಯೇ ನಿಲ್ಲುವುದು, ಬೇಕೆಂದಾಗ ನುಡಿಯುವುದು. ಸಭೆ ಕೂಡುವುದಕ್ಕೆ ಅಪ್ಪಣೆ ಬೇಕಾಗಿದ್ದ ದಿನಗಳಲ್ಲಿ ಗ್ರಾಮಫೋನಿಗೆ ಕೀಲಿ ಕೊಡುವುದಕ್ಕೆ ಯಾವ ಅಪ್ಪಣೆಯೂ ಬೇಡವಾಗಿದ್ದಿತು. ಹಲಗಲಿಯ ಲಾವಣಿಗೆ ದೊರೆಯದ ಭಾಗ್ಯವು ಅದೇ ಸೀಮೆಯ ಹೆಣ್ಣುಮಗಳ ದನಿಗೆ ದೊರೆಯಿತು. ಬಂಡಾಯದ ಶಬ್ದವಷ್ಟೇ ಅಲ್ಲ, ಅದರ ನಾದವೂ ಉಳಿಯಿತು.

ಅಮೀರಬಾಯಿಯವರು ಗುಜರಾತಿ ಚಿತ್ರಗಳಿಗೂ ಹಾಡಿದರು. ೧೯೪೮ರ 'ಶಹನಾಜ್' ಚಿತ್ರಕ್ಕೆ ತಾವೇ ಸ್ವರಸಂಯೋಜನೆ ಮಾಡಿದರು. ಹೆಣ್ಣು ಹಾಡಬಹುದು, ಹಾಡು ಕಟ್ಟುವವನು ಮಾತ್ರ ಗಂಡಸಾಗಿರಬೇಕೆಂಬ ರೂಢಿಯಿದ್ದ ಕಾಲದಲ್ಲಿ ಇದು ಎದೆಗಾರಿಕೆಯ ಕೆಲಸ. ಅದೇ ಸಮಯಕ್ಕೆ ಲತಾ ಮಂಗೇಶ್ಕರರ ತೆಳುವಾದ ಹೊಸ ಕಂಠವು ಚಿತ್ರಲೋಕವನ್ನು ತುಂಬಿತು. ಹಳೆಯ ತುಂಬುಗಂಠದ ಗಾಯಿಕೆಯರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಅಮೀರಬಾಯಿಯವರು ಸಣ್ಣಪುಟ್ಟ ಪಾತ್ರಗಳಿಗೆ ಹೊರಳಿದರು. ಗಳಿಸಿದುದನ್ನು ತಮ್ಮ ಸೀಮೆಗೇ ತಂದು ವಿಜಾಪುರದಲ್ಲಿ 'ಅಮೀರ್ ಟಾಕೀಜ್' ಎಂಬ ಚಿತ್ರಮಂದಿರವನ್ನು ಕಟ್ಟಿಸಿದರು. ೧೯೬೫ರಲ್ಲಿ ಅವರು ತೀರಿಕೊಂಡರು.

೬

ತಟ್ಟೆಯ ನಡುವಣ ದುಂಡು ಕಾಗದದ ಮೇಲೆ ಏನು ಬರೆದಿದೆ ಎಂಬುದು ಸಣ್ಣ ವಿಷಯವೆಂದು ತೋರಬಹುದು. ಆದರೆ ಇತಿಹಾಸದ ದೃಷ್ಟಿಯಿಂದ ಅದು ಒಂದು ಶಾಸನ. ಚಿತ್ರಗಳಲ್ಲಿ ತೆರೆಯ ಹಿಂದೆ ಹಾಡುವ ಪದ್ಧತಿ ಬಂದ ಮೇಲೆ, ಹಾಡಿದವರ ಹೆಸರು ಚಿತ್ರದಲ್ಲಿಯೂ ಕಾಣದೆ, ತಟ್ಟೆಯ ಮೇಲೆಯೂ ಕಾಣದೆ ಹೋಗುವುದು ಬಹುಕಾಲ ನಡೆಯಿತು. ೧೯೪೯ರ 'ಮಹಲ್' ಚಿತ್ರದ ಸುಪ್ರಸಿದ್ಧ ಗೀತದ ತಟ್ಟೆಯ ಮೇಲೆ ಲತಾ ಅವರ ಹೆಸರಿರದೆ ಚಿತ್ರದ ಪಾತ್ರವಾದ 'ಕಾಮಿನಿ'ಯ ಹೆಸರಿದ್ದಿತು. ೧೯೦೨ರಲ್ಲಿ ಗೌಹರಜಾನರು ಕೂಗಿ ಹೇಳಿ ದಕ್ಕಿಸಿಕೊಂಡ ಹೆಸರು ಅರ್ಧ ಶತಮಾನದೊಳಗೆ ಹೀಗೆ ಅಳಿಸಿಹೋಗುವ ಹಾಗಾಗಿದ್ದಿತು. ಹಾಡುವವರ ಹೆಸರು ಅಚ್ಚಾಗಬೇಕೆಂಬುದಕ್ಕಾಗಿ ಅವರು ಹೋರಾಡಬೇಕಾಯಿತು.

ಈ ಹಿನ್ನೆಲೆಯಲ್ಲಿ ಬೀಳಗಿಯ ಸೋದರಿಯರ ಹೆಸರನ್ನು ನೋಡಬೇಕು. 'ಅಮೀರಬಾಯಿ ಕರ್ನಾಟಕಿ', 'ಗೋಹರಬಾಯಿ ಕರ್ನಾಟಕಿ' ಎಂದೇ ಲೋಕವು ಅವರನ್ನು ಬಲ್ಲುದು. ಅವರು ಹೆಚ್ಚಾಗಿ ಹಾಡಿದುದು ಹಿಂದಿಯಲ್ಲಿ, ಮರಾಠಿಯಲ್ಲಿ. ಹೆಸರಿನಲ್ಲಿ ಹೊತ್ತುಕೊಂಡುದು ಕರ್ನಾಟಕವನ್ನು. ನಾಡಿಗೆ 'ಕರ್ನಾಟಕ'ವೆಂಬ ಹೆಸರು ಸರಕಾರದ ಕಾಗದದಲ್ಲಿ ಬಂದುದು ೧೯೭೩ರಲ್ಲಿ. ಅದಕ್ಕೆ ಮೂವತ್ತು ವರ್ಷಗಳಿಗೂ ಮೊದಲೇ ಲಾಹೋರಿನ ಅಂಗಡಿಯಿಂದ ಕಲಕತ್ತೆಯ ಅಂಗಡಿಯವರೆಗೆ, ಕರಿಯ ತಟ್ಟೆಗಳ ಮೇಲೆ ಆ ಹೆಸರು ಸುತ್ತುತ್ತಿದ್ದಿತು. ಏಕೀಕರಣದ ಚರಿತ್ರೆಯಲ್ಲಿ ಸಭೆಗಳ ನಿರ್ಣಯಗಳಿಗೆ ಇರುವ ಸ್ಥಾನದ ಒಂದು ಮೂಲೆಯನ್ನಾದರೂ ಈ ದುಂಡು ಕಾಗದಕ್ಕೆ ಕೊಡುವುದು ನ್ಯಾಯ. ವಿದ್ವಾಂಸರಾದ ರಹಮತ್ ತರೀಕೆರೆಯವರು ಅಮೀರಬಾಯಿಯವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದು ಮರೆವಿನ ಋಣವನ್ನು ಸ್ವಲ್ಪಮಟ್ಟಿಗೆ ತೀರಿಸಿದ್ದಾರೆ.

೭

ತಟ್ಟೆಯೊಳಗೆ ಸೇರದೆ ಉಳಿದುದರ ಮಾತನ್ನೂ ಹೇಳದಿದ್ದರೆ ಈ ಚರಿತ್ರೆಯು ಪೂರ್ಣವಾಗದು. ಈ ಸೀಮೆಯ ನಿಜವಾದ ಸಂಗೀತಶಾಲೆಯೆಂದರೆ ರಾತ್ರಿಯೆಲ್ಲ ನಡೆಯುವ ಶ್ರೀಕೃಷ್ಣ ಪಾರಿಜಾತ. ನೆರೆಯ ಕುಲಗೋಡದ ತಮ್ಮಣ್ಣನಿಂದ ಬೆಳಗಿದ ಆ ಆಟದಲ್ಲಿ ಸತ್ಯಭಾಮೆಯ ಗರ್ವವೂ ಗೊಲ್ಲತಿಯ ಚೇಷ್ಟೆಯೂ ಬೆಳಗಿನ ಚಿಕ್ಕೆ ಮೂಡುವ ತನಕ ಬೆಳೆಯಬೇಕು. ಅದನ್ನು ಮೂರು ನಿಮಿಷದಲ್ಲಿ ಅಡಕುವುದು ಕೃಷ್ಣೆಯನ್ನು ಬಿಂದಿಗೆಯಲ್ಲಿ ತುಂಬಿದಂತೆ. ಬಯಲಾಟದ ಪದಗಳು, ಬೀಸುವ ಕಲ್ಲಿನ ಹಾಡುಗಳು, ಮಗ್ಗದ ಮುಂದೆ ನೇಕಾರರು ಗುನುಗುವ ವಚನ–ತತ್ತ್ವಪದಗಳು ಕಂಪನಿಗಳ ಯಾದಿಯಲ್ಲಿ ಬಹುಮಟ್ಟಿಗೆ ಹೊರಗುಳಿದವು. ಪೇಟೆಯಲ್ಲಿ ಕೊಳ್ಳುವವರು ಬಯಸಿದುದನ್ನು ಕಂಪನಿ ಮುದ್ರಿಸಿತು. ಕೊಳ್ಳಲಾರದವರ ಹಾಡು ಗಾಳಿಯಲ್ಲಿಯೇ ಉಳಿಯಿತು. ಹೊಸ ತಟ್ಟೆಯ ಬೆರಗಿನಲ್ಲಿ ಮನೆಯ ಹಾಡು ಹಳತಾಗಿ ಕಂಡುದೂ ಉಂಟು.

ಈ ಕೊರತೆಯು ತಕ್ಕಮಟ್ಟಿಗೆ ತುಂಬಿದುದು ೧೯೮೦ರ ದಶಕದ ಕ್ಯಾಸೆಟ್ಟಿನ ಕಾಲದಲ್ಲಿ. ಒಂದೊಂದು ಮಗ್ಗುಲಿಗೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಹಿಡಿಯುವ, ಅಗ್ಗದ ಬೆಲೆಯ ಆ ಪೆಟ್ಟಿಗೆಗಳಲ್ಲಿ ಪಾರಿಜಾತವೂ ಗೀಗೀಪದವೂ ಡೊಳ್ಳಿನ ಪದವೂ ಭಜನೆಯೂ ಜಾತ್ರೆಗಳ ಅಂಗಡಿಗೆ ಬಂದುವು. ಮುದ್ರಣದ ಸಾಧನವು ಅಗ್ಗವಾದಾಗ ಬಡವನ ಹಾಡಿಗೂ ಬಾಯಿ ಬರುತ್ತದೆಂಬುದು ಈ ಚರಿತ್ರೆಯ ಒಂದು ಪಾಠ.

ಅರಗಿನ ತಟ್ಟೆಗಳ ತಯಾರಿಕೆ ಹಿಂದುಸ್ತಾನದಲ್ಲಿ ೧೯೭೦ರ ಸುಮಾರಿಗೆ ನಿಂತಿತು. ಮನೆಗಳಲ್ಲಿದ್ದ ತಟ್ಟೆಗಳು ಅಟ್ಟಕ್ಕೆ ಏರಿದವು. ಅಟ್ಟದಿಂದ ಹಳೆಯ ಸಾಮಾನಿನವರ ಬಂಡಿಗೆ ಇಳಿದವು. ಬಿಸಿಲಿಗೆ ಸೊಟ್ಟಗಾದುವು, ಮಳೆಗೆ ಬೂಷ್ಟು ಹಿಡಿದುವು, ಉಳಿದವು ಮಕ್ಕಳ ಕೈಯಲ್ಲಿ ಒಡೆದುವು. ೧೯೮೨ರಲ್ಲಿ ಸ್ಥಾಪನೆಯಾದ ಗುರಗಾಂವದ ಜನಾಂಗ ಸಂಗೀತದ ಸಂಗ್ರಹಾಲಯ, ೧೯೯೦ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ರಿಕಾರ್ಡು ಸಂಗ್ರಾಹಕರ ಸಂಘ ಮೊದಲಾದುವು ಉಳಿಸುವ ಕೆಲಸಕ್ಕೆ ಕೈಹಾಕಿದವು. ಆದರೆ ದೂರದ ಸಂಸ್ಥೆಗಳು ಜಮಖಂಡಿಯ ಅಟ್ಟಗಳನ್ನು ಹತ್ತಿ ನೋಡಲಾರವು. ಅದು ಈ ಜಿಲ್ಲೆಯವರ ಕೆಲಸ.

ಆ ಕೆಲಸವು ಕಠಿಣವೂ ಅಲ್ಲ. ತಟ್ಟೆ ದೊರೆತಲ್ಲಿ ಮೊದಲು ಅದನ್ನು ನುಡಿಯಿಸುವ ಆತುರ ಬೇಡ. ಹಳೆಯ ಮುಳ್ಳಿನಿಂದ ಒಮ್ಮೆ ನುಡಿಯಿಸಿದರೆ ಉಳಿದ ನಾದವೂ ಕೆಟ್ಟೀತು. ನೆಟ್ಟಗೆ ನಿಲ್ಲಿಸಿಟ್ಟು, ದುಂಡು ಕಾಗದದ ಮೇಲಿನ ಹೆಸರು, ರಾಗ, ಕಂಪನಿ, ಸಂಖ್ಯೆಗಳನ್ನು ಬರೆದುಕೊಳ್ಳಬೇಕು. ಕಾಗದದ ಅಂಚಿನಾಚೆ ಅರಗಿನಲ್ಲಿಯೇ ಒತ್ತಿದ ಇನ್ನೊಂದು ಸಂಖ್ಯೆಯಿರುವುದು; ಹಾಡಿದ ಕಾಲವನ್ನು ತಿಳಿಯುವುದಕ್ಕೆ ಅದೇ ಮುಖ್ಯ ಆಧಾರ. ತಟ್ಟೆಯ ಚೀಲವನ್ನೂ ಎಸೆಯಬಾರದು. ಅದರ ಮೇಲೆ ಮಾರಿದ ಅಂಗಡಿಯ ಮುದ್ರೆಯಿದ್ದರೆ, ಯಾವ ಊರಿನಿಂದ ಯಾವ ಊರಿಗೆ ಹಾಡು ಪ್ರಯಾಣ ಮಾಡಿತೆಂಬುದಕ್ಕೆ ಅದೊಂದು ದಾಖಲೆ. ಆ ತಟ್ಟೆಯನ್ನು ಮನೆಗೆ ತಂದವರು ಯಾರು, ಯಾವ ಹಬ್ಬಕ್ಕೆ ನುಡಿಯಿಸುತ್ತಿದ್ದರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಬೇಕು. ತಟ್ಟೆ ಇನ್ನೊಂದು ದೊರೆತೀತು. ಆ ಹಿರಿಯರು ದೊರೆಯಲಾರರು.

ರನ್ನನ ವಾಚನವು ಹೋಯಿತು. ಹಲಗಲಿಯ ಲಾವಣಿಕಾರನ ದನಿಯೂ ಹೋಯಿತು. ಅವುಗಳನ್ನು ಉಳಿಸುವ ಸಾಧನವು ಆ ಕಾಲದ ಕೈಯಲ್ಲಿರಲಿಲ್ಲವಾದುದರಿಂದ ಆ ಕಾಲವನ್ನು ಯಾರೂ ದೂರಲಾರರು. ಬೀಳಗಿಯ ಕಂಠವು ಅರಗಿನಲ್ಲಿ ಬರೆದುಕೊಂಡು ಉಳಿದಿದೆ. ಅದು ಈ ಸೀಮೆಯ ಅಟ್ಟಗಳಲ್ಲಿಯೇ ಒಡೆದು ಹೋದರೆ ಆ ದೋಷವನ್ನು ಕಾಲದ ಮೇಲೆ ಹೊರಿಸಲು ಬಾರದು.